ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬ ಶಬ್ದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳುಂಟು. ಜ್ವರ ಬಂದಾಗ ವೈದ್ಯರು ಕೊಡುವುದೂ ಮದ್ದು. ಕುಷ್ಟಗಿ ಸೀಮೆಯ ಕಲ್ಲುಗಣಿಗಳಲ್ಲಿ ಬಂಡೆಯನ್ನು ಸಿಡಿಸುವುದೂ ಮದ್ದು. ಒಂದು ಜೀವವನ್ನು ಉಳಿಸುವಂಥದು. ಮತ್ತೊಂದು ಕಲ್ಲನ್ನೇ ಒಡೆಯುವಂಥದು. ಈ ಎರಡೂ ಅರ್ಥಗಳು ಒಂದೇ ವಸ್ತುವಿನಲ್ಲಿ ಕೂಡಿಕೊಂಡ ಪ್ರಸಂಗವೊಂದು ವಿಜ್ಞಾನದ ಚರಿತ್ರೆಯಲ್ಲಿದೆ. ಆ ವಸ್ತುವಿನ ಹೆಸರು ಡೈನೈಟ್ರೋಫೀನಾಲ್.

ಇದು ಹಳದಿ ಬಣ್ಣದ ಹರಳುಪುಡಿ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸ್ ದೇಶದ ಕಾರ್ಖಾನೆಗಳಲ್ಲಿ ಇದನ್ನು ಸ್ಫೋಟಕಗಳ ತಯಾರಿಕೆಗೆ ಬಳಸುತ್ತಿದ್ದರು. ಅಲ್ಲಿ ದುಡಿಯುತ್ತಿದ್ದವರ ಮೈ ವಿಪರೀತವಾಗಿ ಬೆವರತೊಡಗಿತು, ತೂಕ ಇಳಿಯಿತು, ಮೈಯ ತಾಪವೇರಿ ಕೆಲವರು ಮರಣ ಹೊಂದಿದರು. 1933ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವಿಂಡ್ಸರ್ ಕಟಿಂಗ್ ಮತ್ತು ಮಾರಿಸ್ ಟೇಂಟರ್ ಎಂಬ ವಿಜ್ಞಾನಿಗಳು, ಇದು ಬೊಜ್ಜನ್ನು ಕರಗಿಸಬಲ್ಲುದೆಂದು ಪ್ರಕಟಿಸಿದರು. ಸುದ್ದಿ ಹಬ್ಬಿತು. ಸ್ವಲ್ಪ ಕಾಲದಲ್ಲಿಯೇ ಸುಮಾರು ಒಂದು ಲಕ್ಷ ಜನ ಅದನ್ನು ಸೇವಿಸಿದರೆಂದು ಅಂದಾಜು. ಕೆಲವರ ಕಣ್ಣುಗಳಿಗೆ ಪೊರೆ ಬಂದು ದೃಷ್ಟಿ ಹೋಯಿತು. ಕೆಲವರ ಪ್ರಾಣವೇ ಹೋಯಿತು. 1938ರಲ್ಲಿ ಅಮೆರಿಕದಲ್ಲಿ ಹೊಸ ಔಷಧ ಕಾನೂನು ಬಂದ ಮೇಲೆ ಇದರ ಮಾರಾಟಕ್ಕೆ ತಡೆ ಬಿದ್ದಿತು.

ಬೊಜ್ಜು ಕರಗಿಸುವ ಗುಣ ಒಂದು, ಕೊಲ್ಲುವ ಗುಣ ಇನ್ನೊಂದು ಎಂದು ಯಾರಾದರೂ ತಿಳಿಯಬಹುದು. ಅದು ತಪ್ಪು. ಎರಡೂ ಒಂದೇ ಗುಣ. ಗಂಗಾವತಿಯ ಅಕ್ಕಿ ಗಿರಣಿಗಳನ್ನು ನೋಡಿದವರಿಗೆ ಇದು ಸುಲಭವಾಗಿ ತಿಳಿದೀತು. ಅಲ್ಲಿ ಭತ್ತವನ್ನು ಕುದಿಸುವುದಕ್ಕಾಗಿ ಹೊಟ್ಟನ್ನು ಉರಿಸಿ ಹಬೆ ಮಾಡುತ್ತಾರೆ. ಹಬೆ ಕೊಳವೆಯಲ್ಲಿ ಹರಿದು ತೊಟ್ಟಿಯನ್ನು ಸೇರಿದರೆ ಭತ್ತ ಬೇಯುತ್ತದೆ. ಕೊಳವೆ ಒಡೆದು ಹಬೆ ಸೋರಿದರೋ, ಎಷ್ಟು ಹೊಟ್ಟು ಸುರಿದರೂ ಭತ್ತ ಬೇಯದು. ಹೊಟ್ಟಿನ ರಾಶಿ ಮಾತ್ರ ಕರಗುತ್ತದೆ, ಕೋಣೆ ಕಾದು ಕೆಂಡವಾಗುತ್ತದೆ. ನಮ್ಮ ಜೀವಕೋಶಗಳಲ್ಲಿ ಮೈಟೊಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆ. ಡೈನೈಟ್ರೋಫೀನಾಲ್ ಅವುಗಳ ಪೊರೆಯಲ್ಲಿ ಇಂಥದೇ ಸೋರಿಕೆಯನ್ನು ಉಂಟುಮಾಡುತ್ತದೆ. ಆಗ ಆಹಾರವೂ ಕೊಬ್ಬೂ ಉರಿಯುತ್ತವೆ. ಆದರೆ ಅದರಿಂದ ಹುಟ್ಟಿದ ಶಕ್ತಿ ದೇಹದ ಕೆಲಸಕ್ಕೆ ಬಾರದೆ ಬರಿಯ ಶಾಖವಾಗಿಬಿಡುತ್ತದೆ.

ಬೇಸಗೆಯಲ್ಲಿ ಯಲಬುರ್ಗಾದ ಎರೆಹೊಲದಲ್ಲಿ ದುಡಿದವನು ಬೇವಿನ ನೆರಳಿಗೆ ಬಂದು ನೀರು ಕುಡಿದರೆ ತಣ್ಣಗಾಗುತ್ತಾನೆ. ಒಳಗಿನಿಂದಲೇ ಏಳುವ ಈ ಉರಿಗೆ ಅಂಥ ನೆರಳಿಲ್ಲ. ಜ್ವರದ ಮಾತ್ರೆಗೆ ಅದು ಇಳಿಯದು. ಈ ವಿಷಕ್ಕೆ ಪ್ರತಿವಿಷವೂ ಇಲ್ಲ.

ನಿಷೇಧಗೊಂಡು ಮರೆತುಹೋಗಿದ್ದ ಈ ಪುಡಿ ನಮ್ಮ ಶತಮಾನದಲ್ಲಿ ಅಂತರ್ಜಾಲದ ಮೂಲಕ ಮತ್ತೆ ಕಾಣಿಸಿಕೊಂಡಿತು. ಬ್ರಿಟನ್ನಿನಲ್ಲಿ ಇದನ್ನು ತರಿಸಿಕೊಂಡು ನುಂಗಿದ ತರುಣ ತರುಣಿಯರು ಸತ್ತರು. 2015ರಲ್ಲಿ ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆಯಾದ ಇಂಟರ್‌ಪೋಲ್ ಜಗತ್ತಿನ ದೇಶಗಳಿಗೆಲ್ಲ ಎಚ್ಚರಿಕೆ ಕೊಟ್ಟಿತು. ಅಪಾಯ ಇದೊಂದರಿಂದಲೇ ಅಲ್ಲ. ಹೃದಯಕ್ಕೆ ಕೇಡೆಂದು ಭಾರತ ಸರ್ಕಾರ 2011ರಲ್ಲಿ ನಿಷೇಧಿಸಿದ ಸಿಬುಟ್ರಮಿನ್ ಎಂಬ ಔಷಧಿಯು, ‘ಗಿಡಮೂಲಿಕೆ’ ಎಂಬ ಹೆಸರು ಹೊತ್ತ ಗುಳಿಗೆಗಳಲ್ಲಿ ಅಡಗಿರುವುದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಬಯಲಾಗಿದೆ. ಸಕ್ಕರೆ ಕಾಯಿಲೆಗೆ ಕೊಡುವ ಸೆಮಾಗ್ಲುಟೈಡ್ ಚುಚ್ಚುಮದ್ದನ್ನು ತೂಕ ಇಳಿಸಲು ಬಯಸುವವರು ಹೆಚ್ಚಾದಂತೆ ಅದರ ನಕಲಿಗಳೂ ಹುಟ್ಟಿಕೊಂಡವು. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅವುಗಳ ಬಗ್ಗೆ ಎಚ್ಚರಿಸಿತು.

ಕೊಪ್ಪಳದ ಯಾವುದೇ ಔಷಧಿ ಅಂಗಡಿಯಲ್ಲಿ ಗೋಡೆಯ ಮೇಲೆ ಪರವಾನಗಿ ಪತ್ರವನ್ನು ತೂಗುಹಾಕಿರುವುದನ್ನು ನೀವು ಕಂಡಿರಬಹುದು. ಅದು ಬರಿಯ ಕಾಗದವಲ್ಲ. ಈ ಔಷಧಿಗೆ ಉತ್ತರ ಹೇಳುವವನು ಒಬ್ಬನಿದ್ದಾನೆ ಎಂಬುದರ ಸಾಕ್ಷಿ. 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯಿದೆಯಂತೆ ಪರವಾನಗಿಯಿಲ್ಲದೆ ಔಷಧಿ ಮಾರುವುದು ಅಪರಾಧ. ಬೊಜ್ಜನ್ನು ವಾಸಿಮಾಡುವೆವೆಂದು ಔಷಧಿಯ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ತಡೆಯುತ್ತದೆ. ಮೊಬೈಲಿನ ತೆರೆಯ ಮೇಲೆ ತೆಳ್ಳನೆಯ ಮೈಯ ಚಿತ್ರ ತೋರಿಸಿ ಗುಳಿಗೆ ಮಾರುವವನಿಗಾದರೋ ಊರಿಲ್ಲ, ಗೋಡೆಯಿಲ್ಲ, ಉತ್ತರ ಹೇಳುವ ಹೊಣೆಯೂ ಇಲ್ಲ. ಆ ಗುಳಿಗೆಯಲ್ಲಿ ಏನಿದೆ, ಎಷ್ಟಿದೆ ಎಂಬುದು ಕೊಂಡವನಿಗೆ ತಿಳಿಯುವ ಬಗೆಯಿಲ್ಲ.

ಹರೆಯದಲ್ಲಿ ಮೈ ಬೆಳೆಯುವುದು, ತೂಕ ಏರುವುದು ಸಹಜ. ಗೆಳೆಯರ ಒಂದು ಕುಹಕದ ಮಾತು ಮನಸ್ಸಿಗೆ ನಾಟುವುದೂ ಸಹಜ. ಅಂಥ ಮಾತಿಗೆ ನೊಂದವರೇ ಗುಟ್ಟಾಗಿ ಇಂಥ ಗುಳಿಗೆಗಳನ್ನು ತರಿಸಿಕೊಳ್ಳುವುದುಂಟು. ಆದುದರಿಂದ ಇನ್ನೊಬ್ಬರ ಮೈಯನ್ನು ಹಂಗಿಸದಿರುವುದೂ ಒಂದು ಪ್ರಾಣರಕ್ಷಣೆಯೇ. ತೂಕ ನಿಜವಾಗಿಯೂ ಹೆಚ್ಚೋ ಅಲ್ಲವೋ ಎಂಬುದನ್ನು ಹೇಳಬೇಕಾದವರು ವೈದ್ಯರು. ‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದ ಹಿರಿಯರು, ಮಿತವಾದ ಊಟವನ್ನು ಹೊಗಳಿದರೇ ಹೊರತು ಉಪವಾಸವನ್ನಾಗಲಿ ಗುಳಿಗೆಯನ್ನಾಗಲಿ ಹೊಗಳಲಿಲ್ಲ.

ಯಾರಾದರೂ ಇಂಥ ಮದ್ದನ್ನು ಸೇವಿಸಿದ್ದು ತಿಳಿದುಬಂದರೆ, ಅವರು ಚೆನ್ನಾಗಿಯೇ ಇರುವಂತೆ ಕಂಡರೂ ಕಾಯಬಾರದು. ಕೂಡಲೆ ಹಿರಿಯರಿಗೆ ತಿಳಿಸಿ 108ಕ್ಕೆ ಕರೆ ಮಾಡಬೇಕು. ಉಳಿದ ಗುಳಿಗೆಗಳನ್ನೂ ಅದರ ಪೊಟ್ಟಣವನ್ನೂ ಆಸ್ಪತ್ರೆಗೆ ಒಯ್ಯಬೇಕು. ನಾಚಿಕೆಯಿಂದ ಮುಚ್ಚಿಟ್ಟ ಒಂದೊಂದು ಗಳಿಗೆಯೂ ವೈದ್ಯರ ಕೈಯಿಂದ ಕಳೆದುಹೋದ ಗಳಿಗೆಯೇ.