ಸೊಲ್ಲಾಪುರದ ಚಾದರ: ಕೂಡಿ ಬಾಳಿದ ಉದ್ಯಮ

1877ರಲ್ಲಿ ಸ್ಥಾಪಿತವಾದ ನೂಲು-ನೇಯ್ಗೆ ಗಿರಣಿ (ಜನರ ಬಾಯಲ್ಲಿ ಇಂದಿಗೂ ‘ಜುನಿ ಮಿಲ್’) ಸೊಲ್ಲಾಪುರವನ್ನು ಕಾರ್ಮಿಕರ ನಗರವಾಗಿಸಿತು. ತೆಲುಗು ನುಡಿಯ ಪದ್ಮಶಾಲಿ ನೇಕಾರರೂ ಸುತ್ತಲಿನ ಕನ್ನಡ, ಮರಾಠಿ ಹಳ್ಳಿಗಳ ಕೂಲಿಕಾರರೂ ಇಲ್ಲಿ ನೆಲೆಸಿದರು. ಮುಂದೆ ದೊಡ್ಡ ಗಿರಣಿಗಳು ಮುಚ್ಚಿದವು. ನೇಯ್ಗೆ ಮಾತ್ರ ನಿಲ್ಲಲಿಲ್ಲ. ಯಂತ್ರಮಗ್ಗದ ಚಿಕ್ಕ ಚಿಕ್ಕ ಕಾರಖಾನೆಗಳಲ್ಲಿ ಮುಂದುವರಿಯಿತು.

ಚಾದರವು ಒಂದೇ ಕೈಯಿಂದ ಹುಟ್ಟುವ ವಸ್ತುವಲ್ಲ. ನೂಲಿಗೆ ಬಣ್ಣ ಹಾಕುವವರು ಒಬ್ಬರು, ಹಾಸು ಸುತ್ತುವವರು ಮತ್ತೊಬ್ಬರು. ಜಕಾರ್ಡ್ ಮಗ್ಗಕ್ಕೆ ವಿನ್ಯಾಸದ ಪಟ್ಟಿಗಳಲ್ಲಿ ರಂಧ್ರ ಕೊರೆಯುವವನ ಕಸುಬೇ ಬೇರೆ. ಬಣ್ಣಗಾರನು ಒಂದು ದಿನ ತಡಮಾಡಿದರೆ ಮಗ್ಗವೂ ಸುಮ್ಮನಾಗುತ್ತದೆ. ನಾಲ್ಕು ಮಗ್ಗಗಳ ಒಡೆಯನೊಬ್ಬನೇ ಬಣ್ಣದ ನೀರನ್ನು ಶುದ್ಧಗೊಳಿಸುವ ಘಟಕ ಕಟ್ಟಲಾರ. ಹಲವರು ಕೂಡಿದರೆ ಕಟ್ಟಬಲ್ಲರು. ನೂಲನ್ನು ಸಗಟಾಗಿ ಕೊಳ್ಳುವುದಕ್ಕೂ ಇದೇ ನ್ಯಾಯ.

2005-06ರಲ್ಲಿ ಸೊಲ್ಲಾಪುರದ ಚಾದರಕ್ಕೂ ಟೆರ್ರಿ ಟವೆಲಿಗೂ ಭೌಗೋಳಿಕ ಸೂಚಿಕೆ ದೊರೆಯಿತು. ಇದು ಯಾವೊಬ್ಬ ವ್ಯಾಪಾರಿಯ ಮುದ್ರೆಯಲ್ಲ, ಊರಿನ ಹೆಸರು. ಬೇರೆಡೆಯ ಅಗ್ಗದ ಮಾಲು ಈ ಹೆಸರಿನಲ್ಲಿ ಮಾರಾಟವಾದರೆ ನಷ್ಟ ಎಲ್ಲರಿಗೂ. ಇಲ್ಲಿಯೇ ಯಾರೋ ಕಳಪೆ ನೂಲು ಬಳಸಿದರೂ ಹಾಗೆಯೇ. ಹೆಸರು ತಂದ ಲಾಭ ನೇಯುವವನ ಕೂಲಿಗೆ ತಲುಪಿತೇ ಎಂಬ ಪ್ರಶ್ನೆಯನ್ನು ತರಗತಿಯಲ್ಲಿ ಜಾರಿಸಿಬಿಡಬಾರದು. ಕೂಲಿಯು ನಗದ ಲೆಕ್ಕದಲ್ಲಿರುವಲ್ಲಿ, ಮಗ್ಗ ನಿಂತ ದಿನ ಕೂಲಿಯೂ ಇಲ್ಲ.

ಹಾಸು, ಹೊಕ್ಕು, ಲಾಳಿ ಇವುಗಳಿಗೆ ಮನೆಯಲ್ಲಿ ಬಳಸುವ ತೆಲುಗು, ಮರಾಠಿ ಮಾತುಗಳನ್ನು ಶಿಕ್ಷಕರು ನೇಕಾರರ ಮಕ್ಕಳಿಂದಲೇ ಕೇಳಿ, ಕರಿಹಲಗೆಯಲ್ಲಿ ಕನ್ನಡ ಪದಗಳ ಪಕ್ಕದಲ್ಲಿ ಬರೆಸಲಿ.