ಬಾತಿನಾ ಕರಾವಳಿ, ಯಲ್ಲಾಪುರದ ಕಾಡು: ಒಂದು ವಂಶವೃಕ್ಷದ ಪಾಠ



"ಇಲ್ಲಿನ ಒಮಾನಿಗಳಲ್ಲಿ ಕೆಲವರು ಆಫ್ರಿಕಾದವರ ಹಾಗೆ ಕಾಣುತ್ತಾರಲ್ಲ, ಯಾಕೆ?" ಎಂದು ಇಲ್ಲಿ ಬೆಳೆಯುವ ನಮ್ಮ ಮಕ್ಕಳು ಕೇಳುವುದುಂಟು. ಸುಮ್ಮನಿರು ಎಂದು ಗದರುವ ಬದಲು ಉತ್ತರ ಹೇಳಿದರೆ ಒಳ್ಳೆಯದು. ಏಕೆಂದರೆ ಅಂಥದೇ ಒಂದು ಕಥೆ ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೂ ಇದೆ!

ಒಮಾನ್ ಕಡೆಯ ಕಥೆ

ಸಯ್ಯಿದ್ ಸಯೀದ್ ಬಿನ್ ಸುಲ್ತಾನ್ (ಆಳ್ವಿಕೆ 1806ರಿಂದ 1856) ಕಾಲದಲ್ಲಿ ಮಸ್ಕತ್ ಮತ್ತು ಜಂಜಿಬಾರ್ ಒಬ್ಬನೇ ದೊರೆಯ ಕೈಯಲ್ಲಿದ್ದವು. ಜಂಜಿಬಾರಿನ ಲವಂಗದ ತೋಟಗಳಿಗೂ ನಾವಿರುವ ಈ ಬಾತಿನಾ ಕರಾವಳಿಯ ಖರ್ಜೂರದ ತೋಟಗಳಿಗೂ ಪೂರ್ವ ಆಫ್ರಿಕಾದ ಜನರನ್ನು ಗುಲಾಮರಾಗಿ ತಂದರು. 1873ರಲ್ಲಿ ಬ್ರಿಟಿಷರ ಒತ್ತಡದಿಂದ ಜಂಜಿಬಾರಿನ ಗುಲಾಮರ ಮಾರುಕಟ್ಟೆ ಮುಚ್ಚಿತು, ಕಳ್ಳಸಾಗಣೆ ಮುಂದುವರಿಯಿತು. ಒಮಾನಿನಲ್ಲಿ ಗುಲಾಮಗಿರಿ ಪೂರ್ತಿಯಾಗಿ ರದ್ದಾದದ್ದು 1970ರಲ್ಲಿ, ಸುಲ್ತಾನ್ ಖಾಬೂಸ್ ಬಂದ ಮೇಲೆ.

ಆದರೆ ಮುಖ ನೋಡಿ ಇತಿಹಾಸ ಓದಲಾಗದು. ಎಷ್ಟೋ ಅರಬ್ ಕುಟುಂಬಗಳು ಜಂಜಿಬಾರಿನಲ್ಲಿ ತಲೆಮಾರುಗಟ್ಟಲೆ ಇದ್ದು, ಅಲ್ಲೇ ಮದುವೆಯಾಗಿ, 1964ರ ಕ್ರಾಂತಿಯ ನಂತರದ ವರ್ಷಗಳಲ್ಲಿ ಇಲ್ಲಿಗೆ ಮರಳಿದವು. ಇಂದಿಗೂ ಮನೆಯಲ್ಲಿ ಸ್ವಾಹಿಲಿ ಮಾತಾಡುವ ಒಮಾನಿಗಳಿದ್ದಾರೆ.

ನಮ್ಮ ಸಿದ್ದಿಗಳು

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಜರಲ್ಲಿ ಬಹಳಷ್ಟು ಜನ ಪೋರ್ಚುಗೀಸರು ಗೋವಾಕ್ಕೆ ತಂದ ಆಫ್ರಿಕನ್ನರು. ಬಿಡುಗಡೆಯಾದವರು, ಯಜಮಾನರಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಇವರಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂವರೂ ಇದ್ದಾರೆ. ಕನ್ನಡ, ಕೊಂಕಣಿ ಎರಡೂ ಬರುತ್ತವೆ. ಡಮಾಮಿ ಕುಣಿತ, ಹೆಂಗಸರು ಹೊಲಿಯುವ ಬಣ್ಣಬಣ್ಣದ ಕೌದಿ ಇವರ ಹೆಮ್ಮೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಬುಡ್ನ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು.

ರಕ್ತ ಏನು ಹೇಳುತ್ತದೆ?

ಪ್ರತಿ ತಲೆಮಾರಿನಲ್ಲೂ ನಮ್ಮ ಡಿಎನ್‌ಎ, ಇಸ್ಪೀಟು ಎಲೆ ಕಲಸಿದಂತೆ, ತುಂಡಾಗಿ ಮತ್ತೆ ಜೋಡಣೆಯಾಗುತ್ತದೆ. ಎರಡು ಜನಾಂಗಗಳು ಇತ್ತೀಚೆಗೆ ಬೆರೆತಿದ್ದರೆ ತುಂಡುಗಳು ಉದ್ದ. ಬಹಳ ಹಿಂದೆ ಬೆರೆತಿದ್ದರೆ ಗಿಡ್ಡ. ಆ ಉದ್ದವನ್ನು ಅಳೆದು ಕಾಲದ ಅಂದಾಜು ಹಾಕಬಹುದು. ಹೈದರಾಬಾದಿನ ಸಿಸಿಎಂಬಿ ವಿಜ್ಞಾನಿಗಳು ಮತ್ತವರ ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿದ್ದಿಗಳ ಆಫ್ರಿಕನ್ ಮೂಲ ಮುಖ್ಯವಾಗಿ ಬಂಟು ಭಾಷಿಕರದು. ಭಾರತೀಯರೊಂದಿಗೆ ಬೆರೆತದ್ದು ಸುಮಾರು 8 ತಲೆಮಾರು, ಅಂದರೆ 200 ವರ್ಷಗಳ ಹಿಂದೆ.

8 ತಲೆಮಾರು ಹಿಂದಕ್ಕೆ ಹೋದರೆ ಒಬ್ಬ ಮನುಷ್ಯನ ವಂಶವೃಕ್ಷದಲ್ಲಿ ಆ ಸಾಲಿನಲ್ಲೇ 256 ಸ್ಥಾನಗಳಿರುತ್ತವೆ. ಡಿಎನ್‌ಎ ಆ ಹಿರಿಯರ ಸೀಮೆಯನ್ನು ತೋರಿಸುತ್ತದೆ, ಹೆಸರನ್ನಲ್ಲ. ಗೋವಾದಲ್ಲಿ ದೀಕ್ಷೆ ಕೊಟ್ಟಾಗ ಪೋರ್ಚುಗೀಸ್ ಹೆಸರಿಟ್ಟರು. ತಾಯಿ ಕರೆದ ಹೆಸರು ಅಲ್ಲಿಗೇ ಅಳಿಯಿತು. ಗುಲಾಮಗಿರಿ ದುಡಿಮೆಯ ಜೊತೆಗೆ ನೆನಪನ್ನೂ ಕಸಿದುಕೊಂಡಿತು.

ಮನೆಗೆಲಸ (ಮಕ್ಕಳಿಗೂ, ದೊಡ್ಡವರಿಗೂ)

1. ಅಜ್ಜ, ಅಜ್ಜಿ, ಮುತ್ತಜ್ಜ, ಮುತ್ತಜ್ಜಿಯರ ಹೆಸರು, ಊರು ಬರೆಯಿರಿ. ತಾಯಿಯ ಕಡೆಯವರನ್ನು ಬಿಡಬೇಡಿ.
2. ಊರಿಗೆ ಫೋನ್ ಮಾಡಿದಾಗ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ತಾರೀಕು ಹಾಕಿಡಿ.
3. ಎಷ್ಟನೇ ತಲೆಮಾರಿಗೆ ನಿಮ್ಮ ಪಟ್ಟಿ ನಿಂತಿತು? ಗೆರೆ ಎಳೆಯಿರಿ.

ಹೊಲ, ಮನೆ, ಊರು ಯಾವುದೂ ಕೈತಪ್ಪದ ನಮ್ಮಲ್ಲೇ ಎಷ್ಟೋ ಜನರ ಪಟ್ಟಿ ಮೂರು-ನಾಲ್ಕು ತಲೆಮಾರಿಗೆ ನಿಲ್ಲುತ್ತದೆ. ಹಡಗಿನಲ್ಲಿ ಕಟ್ಟಿ ತಂದವರ ಮಕ್ಕಳಿಗೆ ಈ ಕೆಲಸ ಎಷ್ಟು ಕಷ್ಟ ಎಂದು ಆಗ ತಿಳಿಯುತ್ತದೆ. ಒಂದು ಮಾತು ಮಾತ್ರ ಮರೆಯಬೇಡಿ: ನೆರೆಮನೆಯವರನ್ನು "ನಿಮ್ಮ ಮೂಲ ಯಾವುದು?" ಎಂದು ನಾವಾಗಿ ಕೆದಕಬಾರದು. ಅವರೇ ಹೇಳಿದರೆ ಗೌರವದಿಂದ ಕೇಳೋಣ. ನಿಮ್ಮ ಪಟ್ಟಿ ಎಷ್ಟು ದೂರ ಹೋಯಿತು ಎಂದು ಬರೆದು ತಿಳಿಸುತ್ತೀರಲ್ಲವೇ?