ಪೆಟ್ಟಿಗೆಯ ಹಂಗಿಲ್ಲದ ಸಂಗ್ರಹ

ಯಕ್ಷಗಾನ ತಾಳಮದ್ದಲೆಯ ಹಳೆಯ ಧ್ವನಿಮುದ್ರಣಗಳನ್ನು ಕ್ಯಾಸೆಟ್ಟುಗಳಿಂದ ಕಂಪ್ಯೂಟರಿಗೆ ಇಳಿಸಿ ಕಾಪಾಡುವ ಕಾರ್ಯಕ್ಕೆ ಕೈಹಾಕಿದವನಿಗೆ, ಪ್ರಸಂಗ ಯಾವುದು, ಅರ್ಥಧಾರಿಗಳು ಯಾರು, ಕೂಟ ನಡೆದುದು ಎಲ್ಲಿ ಎಂಬ ಸೂಕ್ಷ್ಮ ಪ್ರಶ್ನೆಗಳಿಗಿಂತ ಮುಂಚಿತವಾಗಿಯೇ ಎದುರಾಗುವುದು ಅವನ್ನೆಲ್ಲ ಎಲ್ಲಿ ಇಡತಕ್ಕದ್ದೆಂಬ ಸ್ಥೂಲವಾದ ಪ್ರಶ್ನೆ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಗ್ವೈಖರಿಯೂ ಭಾಗವತ ಕಾಳಿಂಗ ನಾವಡರ ಕಂಠವೂ ಕರಾವಳಿಯ ಎಷ್ಟೋ ಮನೆಗಳ ಕಪಾಟುಗಳಲ್ಲಿ ಇಂದಿಗೂ ಟೇಪಿನ ಸುರುಳಿಗಳಾಗಿ ಉಳಿದಿವೆ. ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿದು ಅವು ನಶಿಸುವ ಮುನ್ನ ಉತ್ತಮ ಗುಣಮಟ್ಟದಲ್ಲಿ ಒಮ್ಮೆ ಮುದ್ರಿಸಿಕೊಂಡರೆ ಮಾತ್ರ ಮುಂದಿನವರಿಗೆ ದೊರೆತಾವು. ಧ್ವನಿ ಮತ್ತು ದೃಶ್ಯ ಸಂಗ್ರಹಾಲಯಗಳ ಅಂತಾರಾಷ್ಟ್ರೀಯ ಸಂಘವು ಇಂತಹ ಕಾರ್ಯಕ್ಕೆ ಕನಿಷ್ಠ 48 ಕಿಲೋಹರ್ಟ್ಸ್, 24 ಬಿಟ್ ಪ್ರಮಾಣವನ್ನು ಸೂಚಿಸಿದೆ. ನಾನು ಅನುಸರಿಸುವ 96 ಕಿಲೋಹರ್ಟ್ಸ್ ಪ್ರಮಾಣದಲ್ಲಿ ಎರಡು ಚಾನೆಲ್‌ಗಳ ಒಂದು ಗಂಟೆಯ ಮುದ್ರಣವು 2 ಜಿಬಿಗೂ ಮಿಗಿಲಾಗುವುದು. ರಾತ್ರಿಯಿಡೀ ನಡೆದ ಎಂಟು ಗಂಟೆಗಳ ಕೂಟವೊಂದು 16 ಜಿಬಿಯನ್ನು ದಾಟುವುದು. ನೂರು ಕೂಟಗಳೆಂದರೆ 1.6 ಟಿಬಿಗೂ ಅಧಿಕ. ಗದ್ದಲವನ್ನು ನಿವಾರಿಸಿ ಶುದ್ಧಗೊಳಿಸಿದ ಪ್ರತಿಯೂ, ಕೇಳುಗರಿಗೆ ಕೊಡುವ ಪ್ರತಿಯೂ ಇದರ ಮೇಲೆ ಸೇರಬೇಕು.

ಹೀಗೆ ಬೆಳೆಯುತ್ತ ಹೋಗುವ ಸಂಗ್ರಹಕ್ಕೆ ಬಿಡಿಬಿಡಿಯಾದ ಹಾರ್ಡ್ ಡಿಸ್ಕುಗಳನ್ನು ಕೊಳ್ಳುತ್ತ ಹೋದರೆ ಮೇಜಿನ ತುಂಬ ಕೇಬಲ್ಲುಗಳೂ ಅಡಾಪ್ಟರುಗಳೂ ಹರಡುವುವೇ ಹೊರತು ವ್ಯವಸ್ಥೆ ಎಂಬುದು ಉಂಟಾಗದು. ಆದುದರಿಂದ ನಾಲ್ಕು ಡಿಸ್ಕುಗಳನ್ನು ಒಟ್ಟಿಗೆ ಹಿಡಿಯುವ ಒಂದು ಎನ್‌ಕ್ಲೋಜರನ್ನು ಕೊಳ್ಳುವುದೇ ಉಚಿತವೆಂದು ನನಗೆ ತೋರಿತು. ಇದೊಂದು ಲೋಹದ ಪೆಟ್ಟಿಗೆ. ಒಳಗೆ ಮೂರೂವರೆ ಅಂಗುಲದ ಡಿಸ್ಕುಗಳು ಕೂರುವ ಅರೆಗಳು, ಹಿಂಬದಿಯಲ್ಲಿ ಫ್ಯಾನ್, ಡಿಸ್ಕುಗಳ ಸಾಟಾ ಸಂಪರ್ಕವನ್ನು ಕಂಪ್ಯೂಟರಿನ ಯು.ಎಸ್.ಬಿ. ಸಂಪರ್ಕಕ್ಕೆ ಹೊಂದಿಸುವ ಒಂದು ಚಿಕ್ಕ ಸರ್ಕ್ಯೂಟ್ ಬೋರ್ಡು, ಎಲ್ಲಕ್ಕೂ ವಿದ್ಯುತ್ತನ್ನು ಕೊಡುವ ಒಂದು ಅಡಾಪ್ಟರು, ಇಷ್ಟೇ ಅದರ ಸಂಪತ್ತು. ತಾನೇ ಒಂದು ಕಂಪ್ಯೂಟರಾಗಿ ಮನೆಯ ನೆಟ್‌ವರ್ಕಿಗೆಲ್ಲ ಕಡತಗಳನ್ನು ಹಂಚುವ ನ್ಯಾಸ್ ಎಂಬ ಉಪಕರಣವೂ ಮಾರುಕಟ್ಟೆಯಲ್ಲಿ ಉಂಟು. ಆದರೆ ಒಂದೇ ಮೇಜಿನಲ್ಲಿ ಕುಳಿತು ಒಬ್ಬನೇ ನಡೆಸುವ ಕಾರ್ಯಕ್ಕೆ ಅದರ ವೆಚ್ಚವೂ ಅನಾವಶ್ಯಕ, ಅದರ ತಂತ್ರಾಂಶವನ್ನು ನಿತ್ಯ ನೋಡಿಕೊಳ್ಳುವ ಹೊಣೆಯೂ ಅನಾವಶ್ಯಕ.

ಪೆಟ್ಟಿಗೆಯನ್ನು ಆರಿಸಹೊರಟವನನ್ನು ಅಂಗಡಿಯವರು ಮೊದಲು ಕೇಳುವುದು ‘ರೇಡ್ ಇರುವುದು ಬೇಕೋ, ಇಲ್ಲದ್ದು ಸಾಕೋ’ ಎಂದು. 1988ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯಲ್ಲಿ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕಾಟ್ಜ್ ಎಂಬ ಮೂವರು ವಿದ್ವಾಂಸರು ಒಂದು ಪ್ರಬಂಧವನ್ನು ಪ್ರಕಟಿಸಿ, ದುಬಾರಿಯಾದ ಒಂದು ಮಹಾಡಿಸ್ಕಿನ ಬದಲು ಅಗ್ಗದ ಅನೇಕ ಡಿಸ್ಕುಗಳನ್ನು ಜೋಡಿಸಿ, ಅವುಗಳಲ್ಲೊಂದು ಕೆಟ್ಟರೂ ಉಳಿದವುಗಳಿಂದ ಮಾಹಿತಿಯನ್ನು ಪುನರ್ನಿರ್ಮಿಸಬಹುದೆಂದು ಪ್ರತಿಪಾದಿಸಿದರು. ರೇಡ್ ಎಂಬ ಹೆಸರು ಅಲ್ಲಿಂದಲೇ ಪ್ರಚಾರಕ್ಕೆ ಬಂದಿತು. ಇದರ ಸೊನ್ನೆಯ ಕ್ರಮದಲ್ಲಿ ಎಲ್ಲ ಡಿಸ್ಕುಗಳೂ ಸೇರಿ ವೇಗ ಹೆಚ್ಚುವುದಾದರೂ, ಒಂದು ಕೆಟ್ಟರೆ ಸಮಸ್ತವೂ ನಷ್ಟವಾಗುವುದು. ಒಂದನೆಯದರಲ್ಲಿ ಒಂದು ಡಿಸ್ಕಿನಲ್ಲಿರುವುದು ಯಥಾವತ್ತಾಗಿ ಇನ್ನೊಂದರಲ್ಲಿಯೂ ಇರುವುದು. ಐದನೆಯದರಲ್ಲಿ ಒಂದು ಡಿಸ್ಕಿನಷ್ಟು ಸ್ಥಳವನ್ನು, ಕೆಟ್ಟ ಡಿಸ್ಕನ್ನು ಪುನರ್ನಿರ್ಮಿಸಲು ಬೇಕಾದ ಲೆಕ್ಕದ ಬಂಧಕ್ಕಾಗಿ ಮೀಸಲಿಟ್ಟು ಉಳಿದುದನ್ನು ಬಳಸಬಹುದು. ಯಾವ ಕ್ರಮವನ್ನೂ ಅನುಸರಿಸದೆ ಪ್ರತಿಯೊಂದು ಡಿಸ್ಕನ್ನೂ ಸ್ವತಂತ್ರವಾಗಿಯೇ ಕಂಪ್ಯೂಟರಿಗೆ ತೋರಿಸುವ ಪದ್ಧತಿಯನ್ನು ಜೆ.ಬಿ.ಒ.ಡಿ. ಎನ್ನುವರು.

ಐದನೆಯ ಕ್ರಮದ ಮೋಹ ಬಲವಾದುದು. ಕಡಿಮೆ ಖರ್ಚಿನಲ್ಲಿ ಹೆಚ್ಚು ಸ್ಥಳವೂ ರಕ್ಷಣೆಯೂ ಒಟ್ಟಿಗೆ ದೊರೆತಂತೆ ಭಾಸವಾಗುತ್ತದೆ. ಆದರೆ ಅದು ಕಾಯುವುದು ಒಂದೇ ಒಂದು ವಿಪತ್ತಿನಿಂದ, ಅಂದರೆ ಡಿಸ್ಕೊಂದು ತಾನಾಗಿ ಕೆಡುವುದರಿಂದ. ಕೈತಪ್ಪಿ ಅಳಿಸಿಹೋದ ಕಡತ ಅದೇ ಕ್ಷಣದಲ್ಲಿ ಎಲ್ಲೆಡೆಯೂ ಅಳಿದಿರುವುದು. ವೈರಸ್ಸು ಕೆಡಿಸಿದುದು ಎಲ್ಲೆಡೆಯೂ ಕೆಟ್ಟಿರುವುದು. ಕಳ್ಳನು ಪೆಟ್ಟಿಗೆಯನ್ನು ಎತ್ತಿಕೊಂಡು ಹೋದರೆ ಲೆಕ್ಕದ ಬಂಧವೂ ಅವನ ಹೆಗಲೇರಿಯೇ ಹೋಗುವುದು. ಡಿಸ್ಕು ಕೆಟ್ಟಾಗಲಾದರೂ ಅದು ಸಂಪೂರ್ಣ ನಿಶ್ಚಿಂತೆಯನ್ನು ಕೊಡುವುದೇ ಎಂದರೆ, ತಯಾರಕರು ಸಾಧಾರಣ ಡಿಸ್ಕುಗಳ ವಿವರಪತ್ರದಲ್ಲಿ ಸುಮಾರು 12.5 ಟಿಬಿ ಓದಿಗೆ ಒಂದು ಓದುದೋಷದವರೆಗೆ ಸಂಭವವೆಂದು ಬರೆದಿರುತ್ತಾರೆ. 6 ಟಿಬಿಯ ನಾಲ್ಕು ಡಿಸ್ಕುಗಳಲ್ಲಿ ಒಂದನ್ನು ಪುನರ್ನಿರ್ಮಿಸಬೇಕಾದರೆ ಉಳಿದ ಮೂರರಿಂದ 18 ಟಿಬಿಯನ್ನು ಒಂದೇ ಉಸಿರಿಗೆ ಓದಬೇಕು. ವಸ್ತುತಃ ಡಿಸ್ಕುಗಳು ಆ ಬರಹಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುವುದುಂಟು. ಆದರೂ ದುರ್ಬಲ ಕಾಲದಲ್ಲಿ ದೀರ್ಘ ಪರಿಶ್ರಮವನ್ನು ಬೇಡುವ ವ್ಯವಸ್ಥೆಯೊಂದನ್ನೇ ನಂಬಿ ಮಲಗುವುದು ವಿವೇಕವಲ್ಲ.

ಇದಕ್ಕಿಂತಲೂ ಗಂಭೀರವಾದ ಸಂಗತಿಯೊಂದನ್ನು ನಾನು ನಮ್ಮ ಹಿರಿಯ ಸಂಗ್ರಾಹಕರೊಬ್ಬರ ಮನೆಯಲ್ಲಿ ಕಣ್ಣಾರೆ ಕಂಡೆನು. ಮುಂಗಾರಿಗೆ ಮುನ್ನ ಬರುವ ಸಂಜೆಯ ಗುಡುಗುಮಳೆಯಲ್ಲಿ ಅವರ ಪೆಟ್ಟಿಗೆಯ ಸರ್ಕ್ಯೂಟ್ ಬೋರ್ಡು ಸುಟ್ಟುಹೋಯಿತು. ಡಿಸ್ಕುಗಳು ನಾಲ್ಕೂ ಸುರಕ್ಷಿತವಾಗಿದ್ದುವು. ಆದರೆ ಅವುಗಳ ಮೇಲೆ ಮಾಹಿತಿಯನ್ನು ಯಾವ ಕ್ರಮದಲ್ಲಿ ಹಂಚಿದೆಯೆಂಬುದು ಆ ಮಾದರಿಯ ಬೋರ್ಡಿಗೆ ಮಾತ್ರ ತಿಳಿದಿತ್ತಾದ್ದರಿಂದ, ಬೇರೆ ಮಾದರಿಯ ಪೆಟ್ಟಿಗೆಗೆ ಹಾಕಿದರೆ ಅವು ಬರಿದಾದ ಡಿಸ್ಕುಗಳಂತೆ ಕಂಡುವು. ಅದೇ ಮಾದರಿಯ ತಯಾರಿಕೆ ನಿಂತು ಬಹುಕಾಲವಾಗಿತ್ತು. ಹಳೆಯ ಸಾಮಾನಿನ ವ್ಯಾಪಾರಿಯೊಬ್ಬರಲ್ಲಿ ಅಂತಹುದೇ ಒಂದು ದೊರೆತು, ಅದರಲ್ಲಿ ಡಿಸ್ಕುಗಳನ್ನು ಮೊದಲಿನ ಸ್ಥಾನಕ್ರಮದಲ್ಲಿಯೇ ಕೂಡಿಸಿದ ಮೇಲೆ ಸಂಗ್ರಹ ಮರಳಿ ಬಂದಿತು. ಆ ದಿನಗಳಲ್ಲಿ ಅವರು ಪಟ್ಟ ಕಳವಳವನ್ನು ನೋಡಿದ ನನಗೆ ಒಂದು ಸತ್ಯ ಮನದಟ್ಟಾಯಿತು: ಪೆಟ್ಟಿಗೆಯನ್ನು ಕೊಳ್ಳುವಾಗ ಅದು ಇರುವ ದಿನಗಳ ಅನುಕೂಲಕ್ಕಿಂತ ಮೊದಲು ಅದು ಸತ್ತ ದಿನದ ಗತಿಯನ್ನು ವಿಚಾರಿಸಬೇಕು. ಡಿಸ್ಕು ಪೆಟ್ಟಿಗೆಯ ಹಂಗಿನಲ್ಲಿರಬಾರದು.

ಈ ಕಾರಣದಿಂದ ನಾನು ಜೆ.ಬಿ.ಒ.ಡಿ. ಪೆಟ್ಟಿಗೆಯನ್ನೇ ಆರಿಸಿಕೊಂಡೆನು. ಮೊದಲನೆಯ ಡಿಸ್ಕಿನಲ್ಲಿ ಮೂಲಮುದ್ರಣಗಳು, ಎರಡನೆಯದರಲ್ಲಿ ಅವುಗಳ ಪ್ರತಿ. ಮೂರನೆಯದರಲ್ಲಿ ಶುದ್ಧಗೊಳಿಸಿದವು, ನಾಲ್ಕನೆಯದರಲ್ಲಿ ಅವುಗಳ ಪ್ರತಿ. ಪ್ರತಿ ಮಾಡುವ ಕಾರ್ಯವನ್ನು ಆರ್‌ಸಿಂಕ್ ಎಂಬ ಉಚಿತ ತಂತ್ರಾಂಶ ರಾತ್ರಿಯಲ್ಲಿ ನೆರವೇರಿಸುವುದು. ಅಳಿಸಿದ ಕಡತಗಳನ್ನು ಪ್ರತಿಯಿಂದಲೂ ಕೂಡಲೇ ಅಳಿಸದಂತೆ ಅದಕ್ಕೆ ಸೂಚನೆಯಿತ್ತಿದ್ದೇನೆ. ಯಾವುದೊಂದು ಡಿಸ್ಕನ್ನು ಹೊರತೆಗೆದು ಯಾವ ಕಂಪ್ಯೂಟರಿಗೆ ಜೋಡಿಸಿದರೂ ಅದು ತನ್ನಲ್ಲಿರುವುದನ್ನು ತಾನೇ ಹೇಳಬಲ್ಲುದು. ಆದರೆ ಇದನ್ನೂ ವಿವರಪತ್ರವನ್ನು ನೋಡಿ ನಂಬಲಾಗದು. ಕೆಲವು ಪೆಟ್ಟಿಗೆಗಳು ಡಿಸ್ಕಿನ 512 ಬೈಟುಗಳ ಸೆಕ್ಟರುಗಳನ್ನು ಕಂಪ್ಯೂಟರಿಗೆ 4096 ಬೈಟುಗಳವೆಂದು ಬದಲಿಸಿ ತೋರಿಸುವುದರಿಂದ, ಅವುಗಳಲ್ಲಿ ಬರೆದ ಡಿಸ್ಕನ್ನು ನೇರವಾಗಿ ಜೋಡಿಸಿದರೆ ವಿಭಾಗಗಳೇ ಕಾಣುವುದಿಲ್ಲ. ಆದ್ದರಿಂದ ಪೆಟ್ಟಿಗೆ ಮನೆಗೆ ಬಂದೊಡನೆ ಒಂದು ಡಿಸ್ಕಿನಲ್ಲಿ ಕೆಲವು ಕಡತಗಳನ್ನು ಬರೆದು, ಅದನ್ನು ಹೊರತೆಗೆದು ಬೇರೆ ಕಂಪ್ಯೂಟರಿನ ಸಾಟಾ ಸಂಪರ್ಕಕ್ಕೆ ನೇರವಾಗಿ ಜೋಡಿಸಿ ಓದಿನೋಡಬೇಕು. ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದ ಪೆಟ್ಟಿಗೆಯನ್ನು ಹಿಂತಿರುಗಿಸುವುದೇ ಮೇಲು.

ಉಳಿದ ಗುಣಗಳನ್ನು ಕುರಿತು ಸಂಕ್ಷೇಪವಾಗಿ ಹೇಳುವೆನು. ಹಳೆಯ ಬೋರ್ಡುಗಳು 2.2 ಟಿಬಿಗಿಂತ ದೊಡ್ಡ ಡಿಸ್ಕನ್ನು ಗುರುತಿಸಲಾರವು. ಅಗ್ಗವೆಂದು ಹಳೆಯ ದಾಸ್ತಾನನ್ನು ಕೊಳ್ಳುವವರು ಇದನ್ನು ಕೇಳಿ ತಿಳಿಯಬೇಕು. ವೇಗದ ವಿಷಯದಲ್ಲಿ ಸಾಮಾನ್ಯ ಹಾರ್ಡ್ ಡಿಸ್ಕು ಸೆಕೆಂಡಿಗೆ 150ರಿಂದ 250 ಎಂಬಿಯವರೆಗೆ ಮಾತ್ರ ಕೊಡಬಲ್ಲುದಾದ್ದರಿಂದ 5 ಗಿಗಾಬಿಟ್ಟಿನ ಯು.ಎಸ್.ಬಿ. 3.0 ಸಂಪರ್ಕ ನನ್ನಂಥವರಿಗೆ ಸಾಕು. ಅದಕ್ಕಿಂತ ಹಿಂದಿನ 2.0 ಮಾತ್ರ ಸಲ್ಲದು, ಏಕೆಂದರೆ ಏಳೂವರೆ ಗಂಟೆಯಲ್ಲಿ ಮುಗಿಯಬೇಕಾದ 4 ಟಿಬಿಯ ಪ್ರತಿಗೆ ಅದರಲ್ಲಿ ಒಂದು ದಿನಕ್ಕೂ ಹೆಚ್ಚು ಕಾಲ ಹಿಡಿಯುವುದು. ಅಡಾಪ್ಟರಿನ ಶಕ್ತಿಯನ್ನು ತಪ್ಪದೆ ನೋಡಬೇಕು. ಡಿಸ್ಕು ತಿರುಗತೊಡಗುವ ಕ್ಷಣದಲ್ಲಿ 12 ವೋಲ್ಟಿನಲ್ಲಿ ಸುಮಾರು 2 ಆಂಪಿಯರನ್ನು ಎಳೆಯುತ್ತದೆ. ನಾಲ್ಕೂ ಒಟ್ಟಿಗೆ ಎದ್ದರೆ 8 ಆಂಪಿಯರ್ ಬೇಕು. ಒಂದಾದ ಮೇಲೊಂದನ್ನು ಎಬ್ಬಿಸುವ ಏರ್ಪಾಡಿದ್ದರೆ ಚಿಕ್ಕ ಅಡಾಪ್ಟರು ನಡೆದೀತು. ಇಲ್ಲವಾದರೆ ಡಿಸ್ಕುಗಳು ಕಾರಣವಿಲ್ಲದೆ ಮಾಯವಾಗಿ ಮತ್ತೆ ಕಾಣಿಸಿಕೊಳ್ಳುವ ತೊಂದರೆ ತಪ್ಪದು. ಫ್ಯಾನ್ 80 ಮಿಲಿಮೀಟರಿನದೋ ಅದಕ್ಕಿಂತ ದೊಡ್ಡದೋ ಆಗಿದ್ದರೆ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿಯನ್ನು ಕೊಡುವುದು. ಧ್ವನಿಯನ್ನು ಕಿವಿಗೊಟ್ಟು ಆಲಿಸುವ ಕೋಣೆಯಲ್ಲಿ ಚಿಕ್ಕ ಫ್ಯಾನಿನ ಕೀರಲುಸದ್ದು ದುಸ್ಸಹ.

ಡಿಸ್ಕುಗಳ ಆಯ್ಕೆಯಲ್ಲಿಯೂ ವಿವೇಚನೆ ಅಗತ್ಯ. ಮಾಹಿತಿಯ ಪಥಗಳನ್ನು ಒಂದರ ಅಂಚಿನ ಮೇಲೊಂದು ಹಾಯುವಂತೆ ಬರೆಯುವ ಎಸ್.ಎಂ.ಆರ್. ಎಂಬ ಜಾತಿಯ ಡಿಸ್ಕುಗಳು ಅಗ್ಗವಾದರೂ, ದೊಡ್ಡ ಪ್ರಮಾಣದಲ್ಲಿ ಬರೆಯುತ್ತ ಹೋದಂತೆ ಅತಿಯಾಗಿ ನಿಧಾನಿಸುತ್ತವೆ. ಪಥಗಳು ಪ್ರತ್ಯೇಕವಾಗಿರುವ ಸಿ.ಎಂ.ಆರ್. ಡಿಸ್ಕುಗಳೇ ಇಂತಹ ಕಾರ್ಯಕ್ಕೆ ಯೋಗ್ಯ. ಮೂಲವನ್ನೂ ಅದರ ಪ್ರತಿಯನ್ನೂ ಒಂದೇ ದಿನ ಒಂದೇ ತಂಡದಿಂದ ಬಂದ ಡಿಸ್ಕುಗಳಲ್ಲಿ ಇಡದೆ ಬೇರೆ ಬೇರೆ ಕಾಲದಲ್ಲಿ ಕೊಂಡವುಗಳಲ್ಲಿ ಇಡುವುದು ಕ್ಷೇಮ. ಒಟ್ಟಿಗೆ ಹುಟ್ಟಿದವು ಒಂದೇ ದೋಷವನ್ನು ಹೊತ್ತಿರುವ ಸಂಭವವುಂಟು.

ಬಳಕೆಯಲ್ಲಿ ನಮ್ಮ ಕರಾವಳಿಯ ಹವೆಯೇ ದೊಡ್ಡ ಎದುರಾಳಿ. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡದೆ ಹಿಂದೆ ಗಾಳಿಯಾಡಲು ಎಡೆಬಿಟ್ಟು, ಸಮತಟ್ಟಾದ ಗಟ್ಟಿ ಮೇಜಿನ ಮೇಲೆ ಇಟ್ಟಿದ್ದೇನೆ. ಕರೆಂಟು ಹೋದಾಗ ಬರವಣಿಗೆಯ ನಡುವೆ ಡಿಸ್ಕು ನಿಲ್ಲದಂತೆ ಕಂಪ್ಯೂಟರಿಗೂ ಪೆಟ್ಟಿಗೆಗೂ ಒಂದೇ ಯು.ಪಿ.ಎಸ್. ಇರುವುದು ಆವಶ್ಯಕ. ಗುಡುಗು ಕೇಳಿಸಿದೊಡನೆ ಕಂಪ್ಯೂಟರಿನಲ್ಲಿ ಡಿಸ್ಕುಗಳನ್ನು ಕ್ರಮವಾಗಿ ಬಿಡಿಸಿ, ಪ್ಲಗ್ಗನ್ನೇ ಗೋಡೆಯಿಂದ ಕಿತ್ತಿಡುವುದು ನಮ್ಮ ಮನೆಯ ನಿಯಮ. ಡಿಸ್ಕು ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ಎಂಬ ವರದಿಯನ್ನು ಆಗಾಗ ಓದಬೇಕು; ಪೆಟ್ಟಿಗೆಯ ಬೋರ್ಡು ಆ ವರದಿಯನ್ನು ಹೊರಬಿಡುವುದೇ ಎಂಬುದನ್ನು ಕೊಳ್ಳುವ ಮುನ್ನವೇ ಕೇಳಬೇಕು. 2007ರಲ್ಲಿ ಗೂಗಲ್ಲಿನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಪರಿಶೀಲಿಸಿ ಪ್ರಕಟಿಸಿದ ಪ್ರಬಂಧದಲ್ಲಿ, ಮೇಲ್ಮೈ ಪರೀಕ್ಷೆಯಲ್ಲಿ ಮೊದಲ ದೋಷ ಕಂಡ ಡಿಸ್ಕು ಮುಂದಿನ 60 ದಿನಗಳಲ್ಲಿ ಕೆಡುವ ಸಂಭವ ನಿರ್ದೋಷಿಯಾದ ಡಿಸ್ಕಿನದಕ್ಕಿಂತ 39 ಪಟ್ಟು ಅಧಿಕವೆಂದು ತಿಳಿಸಿದ್ದಾರೆ. ಮೊದಲ ದೋಷ ಕಂಡಾಗಲೇ ಡಿಸ್ಕನ್ನು ಬದಲಿಸಬೇಕೆನ್ನುವುದಕ್ಕೆ ಬೇರೆ ಪ್ರಮಾಣ ಬೇಕಿಲ್ಲ. ಆದರೆ ಸ್ಮಾರ್ಟ್ ವರದಿ ನಿರ್ಮಲವಾಗಿದ್ದೂ ಕೆಟ್ಟುಹೋದ ಡಿಸ್ಕುಗಳು ಅನೇಕವಿದ್ದುವೆಂದೂ ಅದೇ ಪ್ರಬಂಧ ಹೇಳುವುದರಿಂದ, ಶುಭವಾರ್ತೆಯನ್ನು ಪೂರ್ಣವಾಗಿ ನಂಬಲಾಗದು. ಪ್ರತಿಯೊಂದು ಮುದ್ರಣಕ್ಕೂ ಎಸ್.ಎಚ್.ಎ. 256 ಕ್ರಮದಲ್ಲಿ ಒಂದು ಪರಿಶೀಲನಾ ಸಂಕೇತವನ್ನು ಬರೆದಿಟ್ಟು, ವರ್ಷಕ್ಕೊಮ್ಮೆ ಎಲ್ಲ ಕಡತಗಳನ್ನೂ ಓದಿಸಿ ತಾಳೆನೋಡುವೆನು. ಒಂದೇ ಒಂದು ಬಿಟ್ ಬದಲಾಗಿದ್ದರೂ ಸಂಕೇತ ಬದಲಾಗುವುದರಿಂದ, ಪ್ರತಿ ಇನ್ನೂ ನಿರ್ದುಷ್ಟವಾಗಿರುವಾಗಲೇ ಮೂಲವನ್ನು ಸರಿಪಡಿಸಬಹುದು.

ಇಷ್ಟೆಲ್ಲ ಜಾಗ್ರತೆಯೂ ಒಂದೇ ಮಾಡಿನ ಕೆಳಗಿನ ಜಾಗ್ರತೆ. ಛಾಯಾಗ್ರಾಹಕ ಪೀಟರ್ ಕ್ರೋ ಅವರು ಪ್ರಚಾರಪಡಿಸಿದ ನಿಯಮವೊಂದುಂಟು: ಪ್ರತಿಯೊಂದಕ್ಕೂ ಮೂರು ಪ್ರತಿಗಳಿರಬೇಕು, ಅವು ಎರಡು ಬಗೆಯ ಮಾಧ್ಯಮಗಳಲ್ಲಿರಬೇಕು, ಅವುಗಳಲ್ಲೊಂದು ಬೇರೆ ಸ್ಥಳದಲ್ಲಿರಬೇಕು. ಇವುಗಳಲ್ಲಿ ಕೊನೆಯ ಮಾತೇ ಮಿಗಿಲಾದುದೆಂದು ನನ್ನ ಭಾವನೆ. ನನ್ನ ಮೂರನೆಯ ಪ್ರತಿ ಮೈಸೂರಿನಲ್ಲಿರುವ ತಂಗಿಯ ಮನೆಯ ಕಪಾಟಿನಲ್ಲಿದೆ. ಹಬ್ಬಕ್ಕೆ ಬಂದುಹೋಗುವಾಗ ಅವಳು ಹಳೆಯ ಡಿಸ್ಕನ್ನು ತಂದು ಹೊಸದನ್ನು ಒಯ್ಯುವಳು. ನನ್ನ ಮನೆಗೆ ಸಿಡಿಲೆರಗಿದರೂ, ನೆರೆಯ ನೀರು ನುಗ್ಗಿದರೂ ಅಲ್ಲಿರುವುದಕ್ಕೆ ಚ್ಯುತಿಯಿಲ್ಲ.

ಆದ್ದರಿಂದ, ಮನೆಯಲ್ಲಿ ಹಿರಿಯರ ಕಾಲದ ಕ್ಯಾಸೆಟ್ಟುಗಳನ್ನು ಇಟ್ಟುಕೊಂಡಿರುವ ಯಕ್ಷಗಾನಪ್ರಿಯರಲ್ಲಿ ನನ್ನ ವಿನಂತಿ ಇದು. ಮಳೆಗಾಲ ಇನ್ನೊಂದು ಕಳೆಯುವ ಮುನ್ನ ಅವನ್ನು ಮುದ್ರಿಸಿಕೊಳ್ಳಿರಿ. ಪೆಟ್ಟಿಗೆಯನ್ನು ಕೊಳ್ಳುವುದಾದರೆ ಡಿಸ್ಕುಗಳು ತಾವೇ ಓದಿಸಿಕೊಳ್ಳುವಂತಹ ಸರಳವಾದುದನ್ನು ಕೊಳ್ಳಿರಿ. ಹಣ ಸಾಲದೆ ಹೋದರೆ ನಾಲ್ಕು ಅರೆಗಳ ಬದಲು ಎರಡು ಅರೆಗಳದ್ದನ್ನು ತೆಗೆದುಕೊಂಡು, ಉಳಿದ ಹಣದಿಂದ ಬೇರೆ ಊರಿನಲ್ಲಿ ಇಡಲು ಒಂದು ಡಿಸ್ಕನ್ನು ಕೊಳ್ಳಿರಿ.